ಯಾವಾಗ ಅಂತ ಮಾತ್ರ ಕೇಳಿದರು

ಜರ್ಮನಿಯಲ್ಲಿ ಭಾನುವಾರ ಬೆಳಗ್ಗೆ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಯೇನಾ ಊರಿನ ಆ ಟ್ರಾಮಿನಲ್ಲಿ ನಾನೂ ಸೇರಿ ನಾಲ್ಕೇ ಜನ ಇದ್ದೆವು. ನವೆಂಬರ್ ತಿಂಗಳು. ಕಿಟಕಿಯಾಚೆ ಜಾಲೆ ನದಿಯ ಮೇಲೆ ದಟ್ಟ ಮಂಜು. ಪಾರಡೀಸ್ ಸ್ಟೇಷನ್ ಹತ್ತಿರ ಹತ್ತಿದ್ದೆ, ಲೋಬೆಡಾ ಕಡೆ ಹೊರಟಿದ್ದೆ. ಚೀಲದಲ್ಲಿ ಪಾಸ್‌ಪೋರ್ಟ್, ರೆಸಿಡೆನ್ಸ್ ಕಾರ್ಡ್, ಇನ್ಶೂರೆನ್ಸ್ ಕಾರ್ಡ್ ಎಲ್ಲವನ್ನೂ ತುಂಬಿಕೊಂಡಿದ್ದೆ. ಬೆರಳಿಗೆ ಒಂದು ಉಂಗುರ ಹಾಕಿಕೊಂಡಿದ್ದೆ. ಯಾರಾದರೂ ಕೇಳಿದರೆ ಮದುವೆ ಆಗಿದೆ ಅನ್ನೋಣ ಅಂತ. ಬಾಯಲ್ಲಿ ಒಂದೇ ವಾಕ್ಯವನ್ನು ತಿರುಗಾ ಮುರುಗಾ ಹೇಳಿಕೊಳ್ಳುತ್ತಿದ್ದೆ. ಇಶ್ ಬ್ರೌಖೆ ದೀ ಪಿಲ್ಲೆ ಡನಾಖ್. ನನಗೆ ಆಮೇಲಿನ ಮಾತ್ರೆ ಬೇಕು.

ಡನಾಖ್ ಅಂದರೆ ಆಮೇಲೆ. ತುರ್ತು ಗರ್ಭನಿರೋಧಕ ಮಾತ್ರೆಗೆ ಜರ್ಮನ್ನರು ಇಟ್ಟಿರುವ ಹೆಸರು ಅಷ್ಟೇ, ‘ಆಮೇಲಿನ ಮಾತ್ರೆ’. ಇಂಗ್ಲಿಷಿನ ಹೆಸರಿನಲ್ಲಿ ‘ಮಾರನೇ ಬೆಳಗ್ಗೆ’ ಅನ್ನುವ ಮಾತಿದೆ. ಅದು ತಪ್ಪು ದಾರಿಗೆ ಎಳೆಯುತ್ತದೆ. ಮಾರನೇ ಬೆಳಗ್ಗೆಯವರೆಗೆ ಕಾಯಬೇಕಾಗಿಲ್ಲ, ಬೆಳಗ್ಗೆ ಕಳೆದುಹೋದರೆ ಎಲ್ಲ ಮುಗಿಯಿತು ಅಂತಲೂ ಇಲ್ಲ. ನಾನು ಎರಡನೆಯದನ್ನು ನಂಬಿ ಅರ್ಧ ದಿನ ಅತ್ತಿದ್ದೆ.

ಆಗಿದ್ದು ಶುಕ್ರವಾರ ರಾತ್ರಿ, ಹನ್ನೊಂದೂವರೆ ಸುಮಾರಿಗೆ. ಕಾಂಡಮ್ ಹರಿದಿತ್ತು. ನಾವಿಬ್ಬರೂ ಅದನ್ನು ನೋಡಿದೆವು, ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನು ಒಳ್ಳೆಯವನು. ಏನು ಬೇಕು ಹೇಳು ಅಂದ, ದುಡ್ಡು ನಾನು ಕೊಡ್ತೀನಿ ಅಂದ. ಆದರೆ ಏನು ಮಾಡಬೇಕು ಅನ್ನೋದು ಅವನಿಗೂ ಗೊತ್ತಿರಲಿಲ್ಲ. ಶನಿವಾರ ಬೆಳಗ್ಗೆ ಅವನು ಓದುವ ಊರಿಗೆ ರೈಲು ಹಿಡಿಯಬೇಕಿತ್ತು, ಹೋದ. ಕೋಣೆಯಲ್ಲಿ ನಾನೊಬ್ಬಳೇ ಉಳಿದೆ.

ಆ ಶನಿವಾರದ ಬಗ್ಗೆ ನನಗೆ ಇವತ್ತಿಗೂ ಬೇಜಾರು. ಅವತ್ತು ಊರ ನಡುವೆ ಔಷಧಿ ಅಂಗಡಿಗಳು ತೆರೆದೇ ಇದ್ದವು. ನಡೆದು ಹೋದರೆ ಹತ್ತು ನಿಮಿಷ. ನಾನು ಮೊದಲು ಹೋಗಿದ್ದು ‘ಡ್ರೋಗೆರಿ’ಗೆ. ಸೋಪು, ಶಾಂಪೂ, ಕಾಂಡಮ್, ಪ್ರೆಗ್ನೆನ್ಸಿ ಟೆಸ್ಟ್, ಗಿಡಮೂಲಿಕೆ ಮಾತ್ರೆ ಎಲ್ಲ ಸಿಗುವ ದೊಡ್ಡ ಅಂಗಡಿ ಅದು. ಕಪಾಟು ಕಪಾಟು ಹುಡುಕಿದೆ. ಸಿಗಲಿಲ್ಲ. ಸಿಗುವುದೂ ಇಲ್ಲ. ಜರ್ಮನಿಯಲ್ಲಿ ಈ ಮಾತ್ರೆಯನ್ನು ಅಪೊಥೆಕೆಯಲ್ಲಿ ಮಾತ್ರ ಮಾರಬೇಕು. ಬಾಗಿಲ ಮೇಲೆ ಕೆಂಪು ಬಣ್ಣದ ದೊಡ್ಡ ‘ಎ’ ಅಕ್ಷರ, ಅದರೊಳಗೆ ಬಟ್ಟಲಿಗೆ ಸುತ್ತಿಕೊಂಡ ಹಾವು ಇದ್ದರೆ ಅದು ಅಪೊಥೆಕೆ. ಅಲ್ಲಿ ಓದಿದ ಫಾರ್ಮಸಿಸ್ಟ್ ಇರುತ್ತಾರೆ, ಅವರು ಮಾತಾಡಿಸಿಯೇ ಕೊಡಬೇಕು. ಆನ್‌ಲೈನ್‌ನಲ್ಲಿ ತರಿಸಿಕೊಳ್ಳಲೂ ಆಗುವುದಿಲ್ಲ, ಅಂಚೆಯಲ್ಲಿ ಕಳಿಸುವುದಕ್ಕೆ ಅಲ್ಲಿ ಕಾನೂನು ಬಿಡುವುದಿಲ್ಲ. ಹೊಸದಾಗಿ ಬಂದವರಿಗೆ ಈ ಎರಡು ಅಂಗಡಿಗಳ ನಡುವಿನ ವ್ಯತ್ಯಾಸ ಯಾರೂ ಹೇಳಿಕೊಡುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಡ್ರೋಗೆರಿಯ ಎದುರಿಗೇ ಒಂದು ಕೆಂಪು ‘ಎ’ ಇತ್ತು. ಗಾಜಿನ ಬಾಗಿಲಿನವರೆಗೆ ಹೋದೆ. ಒಳಗೆ ಐದಾರು ಜನ ಸಾಲಿನಲ್ಲಿ ನಿಂತಿದ್ದರು. ಕೌಂಟರಿನಲ್ಲಿ ಒಬ್ಬ ಗಂಡಸು. ವಾಪಸ್ ಬಂದೆ. ನೆಪ ಬೇಕಾದಷ್ಟಿತ್ತು. ಭಾಷೆ ಸರಿಯಾಗಿ ಬರಲ್ಲ. ಡಾಕ್ಟರ ಚೀಟಿ ಕೇಳಿದರೆ? ವೀಸಾದಲ್ಲಿರುವವಳು, ಇದನ್ನು ಎಲ್ಲಾದರೂ ಬರೆದಿಟ್ಟುಕೊಂಡರೆ? ಇನ್ಶೂರೆನ್ಸ್‌ನವರು ಮನೆಗೆ ಪತ್ರ ಹಾಕಿದರೆ? ಒಂದಕ್ಕೂ ಬುಡ ಇರಲಿಲ್ಲ. ಆದರೆ ಭಯಕ್ಕೆ ಬುಡ ಬೇಕಾಗಿಲ್ಲವಲ್ಲ. ಮಧ್ಯಾಹ್ನ ಪೂರ್ತಿ ಫೋನ್ ಹಿಡಿದು ಓದಿದೆ. ಒಂದು ಕಡೆ 24 ಗಂಟೆ ಅಂತ ಇತ್ತು, ಇನ್ನೊಂದು ಕಡೆ 72, ಮತ್ತೊಂದು ಕಡೆ 120. ಯಾವುದು ಸರಿ ಅಂತ ತಿಳಿಯುವ ಹೊತ್ತಿಗೆ ಅಂಗಡಿಗಳು ಮುಚ್ಚಿದ್ದವು.

ಉತ್ತರ ಇಷ್ಟು. ಮಾತ್ರೆಗಳಲ್ಲಿ ಎರಡು ಬಗೆ. ಒಂದರ ಹೆಸರು ಲೆವೊನೊರ್ಜೆಸ್ಟ್ರೆಲ್, ಒಂದೂವರೆ ಮಿಲಿಗ್ರಾಂ, 72 ಗಂಟೆಯೊಳಗೆ ನುಂಗಬೇಕು. ಇನ್ನೊಂದು ಯುಲಿಪ್ರಿಸ್ಟಲ್ ಅಸಿಟೇಟ್, 30 ಮಿಲಿಗ್ರಾಂ, 120 ಗಂಟೆಯವರೆಗೆ, ಅಂದರೆ ಐದು ದಿನ. ಎರಡರಲ್ಲೂ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಮೂರನೆಯ ದಾರಿಯೂ ಇದೆ. ಐದು ದಿನದೊಳಗೆ ಡಾಕ್ಟರ ಹತ್ತಿರ ಕಾಪರ್-ಟಿ ಹಾಕಿಸಿಕೊಳ್ಳುವುದು. ಮೂರರಲ್ಲಿ ಅದೇ ಜಾಸ್ತಿ ಕೆಲಸ ಮಾಡುತ್ತದೆ. ಆದರೆ ಪರದೇಶದಲ್ಲಿ, ವಾರಾಂತ್ಯದಲ್ಲಿ, ಅದನ್ನು ಹಾಕಿಕೊಡುವ ಡಾಕ್ಟರನ್ನು ಹುಡುಕುವುದು ಎಷ್ಟು ಕಷ್ಟ ಅಂತ ಯೋಚಿಸಿ.

ಶನಿವಾರ ರಾತ್ರಿ ಪಕ್ಕದ ಕೋಣೆಯ ಹುಡುಗಿ ಅಡುಗೆಮನೆಗೆ ಬಂದಳು. ನನ್ನ ಮುಖ ನೋಡಿ ಏನಾಯ್ತು ಅಂದಳು. ಹೇಳಿಬಿಟ್ಟೆ. ಅವಳು ಜರ್ಮನ್, ಅದೇ ಸೀಮೆಯವಳು. ‘ಓ, ಪಿಲ್ಲೆ ಡನಾಖ್’ ಅಂದಳು. ಹಲ್ಲುನೋವಿಗೆ ಮಾತ್ರೆ ಬೇಕು ಅಂದಿದ್ದರೆ ಯಾವ ದನಿಯಲ್ಲಿ ಹೇಳುತ್ತಿದ್ದಳೋ ಅದೇ ದನಿ. ನನ್ನ ಬಾಯಲ್ಲಿ ಇಡೀ ದಿನ ಸಿಕ್ಕಿಹಾಕಿಕೊಂಡಿದ್ದ ಮಾತು ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂತು! ಚೀಟಿ ಬೇಡ ಅಂದಳು. ರಾತ್ರಿ ಮತ್ತು ಭಾನುವಾರ ಸರದಿಯ ಮೇಲೆ ಒಂದು ಅಪೊಥೆಕೆ ತೆರೆದಿರುತ್ತೆ, ಅದಕ್ಕೆ ‘ನೋಟ್‌ಡೀನ್ಸ್ಟ್’ ಅಂತಾರೆ ಅಂದಳು. ಯಾವುದು ಅಂತ ಮುಚ್ಚಿದ ಪ್ರತಿ ಅಪೊಥೆಕೆಯ ಬಾಗಿಲ ಮೇಲೂ ಬರೆದಿರುತ್ತದೆ. ಮೊಬೈಲಿನಿಂದ 22833 ಒತ್ತಿದರೂ ಗೊತ್ತಾಗುತ್ತದೆ. ಡಾಕ್ಟರೇ ಬೇಕಾದರೆ 116117. ಈ ಎರಡು ನಂಬರುಗಳನ್ನು ನಾನು ಆಮೇಲೆ ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಈಗ ಇಲ್ಲಿಯೂ ಕೊಟ್ಟ ಹಾಗಾಯಿತು.

ಅವಳು ಈಗಲೇ ಹೊರಡು ಅಂದಳು. ನಾನು ಬೆಳಗ್ಗೆ ಹೋಗ್ತೀನಿ ಅಂದೆ. ಅದೂ ತಪ್ಪೇ.

ಲೋಬೆಡಾದಲ್ಲಿ ಎತ್ತರದ ವಸತಿ ಕಟ್ಟಡಗಳ ನಡುವೆ ಆ ಅಂಗಡಿ. ಬಾಗಿಲು ಮುಚ್ಚಿತ್ತು, ಪಕ್ಕದಲ್ಲಿ ಗಂಟೆ. ಒತ್ತಿದೆ. ಬಾಗಿಲಿನಲ್ಲೇ ಒಂದು ಚಿಕ್ಕ ಕಿಂಡಿ ಇರುತ್ತದೆ, ಸರದಿಯ ದಿನ ವ್ಯವಹಾರವೆಲ್ಲ ಅದರ ಮೂಲಕ. ಒಳಗಡೆ ಐವತ್ತು ದಾಟಿದ ಒಬ್ಬ ಹೆಂಗಸು ಬಂದರು, ಕನ್ನಡಕ ತಲೆಯ ಮೇಲೆ. ನಾನು ನಿಂತಿದ್ದು ಫುಟ್‌ಪಾತ್ ಮೇಲೆ. ಅಷ್ಟರಲ್ಲಿ ನನ್ನ ಹಿಂದೆ ಒಬ್ಬರು ಬಂದು ನಿಂತರು. ಎದೆಗೆ ಮಗು ಕಟ್ಟಿಕೊಂಡ ಅಪ್ಪ, ಕೈಯಲ್ಲಿ ಚೀಟಿ.

ನನ್ನ ವಾಕ್ಯ ಹೇಳಿದೆ, ಸಣ್ಣ ದನಿಯಲ್ಲಿ. ಅವರಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ‘ಬಿಟ್ಟೆ?’ ಅಂದರು, ಏನಂದಿರಿ ಅಂತ. ಮೂರನೇ ಸಲ ಜೋರಾಗಿ ಹೇಳಬೇಕಾಯಿತು. ಕಿವಿಯೆಲ್ಲ ಬಿಸಿಯಾಯಿತು. ಹಿಂದಿನಿಂದ ಮಗು ಕೆಮ್ಮಿತು.

ಈ ಕಿಂಡಿಯ ಬಗ್ಗೆ ನನಗೆ ತಕರಾರಿದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಒಂಟಿಯಾಗಿ ರಾತ್ರಿಯೆಲ್ಲ ಕೆಲಸ ಮಾಡುವವರ ಸುರಕ್ಷೆಗೆ ಅದು ಬೇಕು, ಒಪ್ಪುತ್ತೇನೆ. ಆದರೆ ಜನ ತೀರಾ ಖಾಸಗಿಯಾದ ಮಾತು ಹೇಳಲು ಬರುವುದು ಇಂಥ ಹೊತ್ತಿನಲ್ಲೇ. ಅದೇ ಹೊತ್ತಿನಲ್ಲಿ ಅವರನ್ನು ರಸ್ತೆಯಲ್ಲಿ ನಿಲ್ಲಿಸಿ ಕೂಗಿಸುವುದು ಸರಿಯಲ್ಲ. ಭಾಷೆ ಚೆನ್ನಾಗಿ ಬರದವರಿಗೆ ಇನ್ನೂ ಕಷ್ಟ. ಆ ಹೆಂಗಸಿಗೂ ಇದು ಗೊತ್ತಿತ್ತು ಅನ್ನಿಸುತ್ತದೆ. ನನ್ನ ಹಿಂದೆ ನೋಡಿದರು. ಆ ಅಪ್ಪನಿಗೆ ಸ್ವಲ್ಪ ದೂರ ನಿಲ್ಲಿ ಅಂತ ಕೈಸನ್ನೆ ಮಾಡಿದರು. ಅವನು ತಕ್ಷಣ ಹತ್ತು ಹೆಜ್ಜೆ ಹಿಂದೆ ಹೋಗಿ ಬೆನ್ನು ತಿರುಗಿಸಿ ನಿಂತ. ಆಮೇಲೆ ಅವರು ಕಿಂಡಿಗೆ ಮುಖ ಹತ್ತಿರ ತಂದು ನಿಧಾನವಾಗಿ ಕೇಳಿದರು.

‘ವಾನ್?’

ಯಾವಾಗ?

ನಾನು ತಯಾರಾಗಿ ಬಂದಿದ್ದು ಬೇರೆ ಪ್ರಶ್ನೆಗಳಿಗೆ. ಯಾರ ಜೊತೆ, ಮದುವೆ ಆಗಿದೆಯಾ, ಯಾಕೆ ಎಚ್ಚರ ಇರಲಿಲ್ಲ, ಇದು ಎಷ್ಟನೇ ಸಲ. ಎಲ್ಲಕ್ಕೂ ಸುಳ್ಳು ಜೋಡಿಸಿಟ್ಟಿದ್ದೆ. ಈ ಪ್ರಶ್ನೆಗೆ ಸುಳ್ಳೇ ಬೇಕಾಗಿರಲಿಲ್ಲ. ‘ಶುಕ್ರವಾರ ರಾತ್ರಿ, ಹನ್ನೊಂದೂವರೆ’ ಅಂದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿ ಮೂವತ್ತೈದು ಗಂಟೆ ಅಂದರು. ಸಮಯ ಇದೆ ಅಂದರು. ಆ ಎರಡು ಪದ ಕೇಳಿ ನನಗೆ ಕಣ್ಣು ತುಂಬಿತು.

ಪ್ರಶ್ನೆಗಳು ಇನ್ನೂ ಇದ್ದವು. ಕೊನೆಯ ಮುಟ್ಟು ಶುರುವಾಗಿದ್ದು ಯಾವ ತಾರೀಖು? ನನಗೆ ಗೊತ್ತಿರಲಿಲ್ಲ. ಒಂದು ಪರೀಕ್ಷೆಯ ದಿನ ಹೊಟ್ಟೆನೋವು ಇತ್ತು ಅನ್ನುವುದು ನೆನಪಾಯಿತು. ಅಲ್ಲಿಂದ ಎಣಿಸಿದರೆ ಶುಕ್ರವಾರಕ್ಕೆ ಹನ್ನೊಂದನೆಯ ದಿನ. ಬೇರೆ ಯಾವುದಾದರೂ ಔಷಧಿ ತಗೋತಿದ್ದೀರಾ? ಇಲ್ಲ. ಆಸ್ತಮಾ? ಇಲ್ಲ. ಮಗುವಿಗೆ ಹಾಲು ಕುಡಿಸ್ತಿದ್ದೀರಾ? ಇಲ್ಲ. ‘ಯೊಹಾನಿಸ್ಕ್ರೌಟ್?’ ಅಂದರು.

ಈ ಕೊನೆಯದು ನನಗೆ ಆಶ್ಚರ್ಯ ತಂದಿತು. ಅದೊಂದು ಗಿಡಮೂಲಿಕೆ, ಹಳದಿ ಹೂವಿನದು. ಚಳಿಗಾಲದಲ್ಲಿ ಬಿಸಿಲಿಲ್ಲದೆ ಮನಸ್ಸು ಮಂಕಾದಾಗ ಜರ್ಮನಿಯಲ್ಲಿ ತುಂಬ ಜನ ಅದರ ಮಾತ್ರೆ ತಗೋತಾರೆ. ಡ್ರೋಗೆರಿಯಲ್ಲಿ ಬಿಸ್ಕತ್ತಿನಷ್ಟು ಸುಲಭವಾಗಿ ಸಿಗುತ್ತದೆ. ನಾನೂ ಎರಡು ವಾರದ ಹಿಂದೆ ಒಂದು ಡಬ್ಬಿ ಕೊಂಡಿದ್ದೆ. ಪುಣ್ಯಕ್ಕೆ ಅದನ್ನು ತೆರೆದೇ ಇರಲಿಲ್ಲ. ಆ ಸೊಪ್ಪು ಲಿವರ್ ಕೆಲಸವನ್ನು ಚುರುಕು ಮಾಡಿ, ತುರ್ತು ಮಾತ್ರೆಯನ್ನು ಮೈಯಿಂದ ಬೇಗ ಹೊರಹಾಕಿಬಿಡುತ್ತದಂತೆ. ಮಾತ್ರೆಯ ಬಲ ಕಡಿಮೆಯಾಗುತ್ತದೆ. ನಿಲ್ಲಿಸಿ ನಾಲ್ಕು ವಾರದವರೆಗೂ ಆ ಗುಣ ಉಳಿದಿರುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕೆಲವು ಮಾತ್ರೆಗಳು, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಕೂಡ ಹಾಗೇ. ಅಂಥವರಿಗೆ ಕಾಪರ್-ಟಿಯೇ ಒಳ್ಳೆಯದು ಅನ್ನುತ್ತಾರೆ. ‘ಬೇರೆ ಔಷಧಿ’ ಅಂತ ಕೇಳಿದರೆ ಗಿಡಮೂಲಿಕೆಯನ್ನು ಯಾರು ಹೇಳುತ್ತಾರೆ? ನಾನಂತೂ ಹೇಳುತ್ತಿರಲಿಲ್ಲ. ಅದಕ್ಕೇ ಹೆಸರು ಹಿಡಿದು ಕೇಳುವ ಒಬ್ಬರು ಬೇಕು. ಮಾತಾಡಿಸಿಯೇ ಕೊಡಬೇಕು ಅನ್ನುವ ನಿಯಮದ ಮೇಲೆ ನನಗೆ ಇದ್ದ ಸಿಟ್ಟು ಅಲ್ಲಿಗೆ ಇಳಿಯಿತು.

ಯುಲಿಪ್ರಿಸ್ಟಲ್ ಕೊಡ್ತೀನಿ ಅಂದರು. ಯಾಕೆ ಅಂತ ಒಂದು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಅಂಡಾಣು ಹೊರಬರುವ ಮೊದಲು ಮೈಯಲ್ಲಿ ಎಲ್‌ಎಚ್ ಅನ್ನುವ ಹಾರ್ಮೋನ್ ಏರುತ್ತದೆ, ಬೆಟ್ಟ ಹತ್ತಿದ ಹಾಗೆ. ಹತ್ತಲು ಶುರುವಾಗುವ ಮೊದಲೇ ಆದರೆ ಲೆವೊನೊರ್ಜೆಸ್ಟ್ರೆಲ್ ತಡೆಯುತ್ತದೆ. ಹತ್ತಲು ಶುರುವಾದ ಮೇಲೆ ಅದರ ಕೈಯಲ್ಲಿ ಆಗುವುದಿಲ್ಲ. ಯುಲಿಪ್ರಿಸ್ಟಲ್ ಆಗಲೂ ತಡೆಯಬಲ್ಲದು, ತುದಿ ಮುಟ್ಟುವ ಮೊದಲು. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಹುದು. ಅಂಡಾಣುವಿಗೆ ಹೆಚ್ಚೆಂದರೆ ಒಂದು ದಿನ. ಈ ಮಾತ್ರೆ ಮಾಡುವುದು ಇಷ್ಟೇ, ಅಂಡಾಣು ಬರುವುದನ್ನು ಮುಂದಕ್ಕೆ ಹಾಕುತ್ತದೆ. ಅಷ್ಟರಲ್ಲಿ ಒಳಗೆ ಕಾಯುತ್ತಿರುವ ವೀರ್ಯಾಣು ಸತ್ತಿರುತ್ತದೆ. ಇದು ಗರ್ಭಪಾತದ ಮಾತ್ರೆ ಅಲ್ಲ. ಗರ್ಭ ನಿಂತಿದ್ದರೆ ಅದಕ್ಕೆ ಇದು ಏನೂ ಮಾಡುವುದಿಲ್ಲ. ಅಂಡಾಣು ಆಗಲೇ ಹೊರಬಂದಿದ್ದರೆ ಕೂಡ ಇದರಿಂದ ಉಪಯೋಗ ಇಲ್ಲ. ಇದನ್ನು ಅವರು ಮರೆಮಾಚದೆ ಹೇಳಿದರು.

30 ಯೂರೋ ಆಸುಪಾಸು ಮಾತ್ರೆಗೆ, ಸರದಿಯ ದಿನದ ಶುಲ್ಕ ಎರಡೂವರೆ ಯೂರೋ. ವಿದ್ಯಾರ್ಥಿಗೆ ಅದು ಸಣ್ಣ ದುಡ್ಡಲ್ಲ. ಲೆವೊನೊರ್ಜೆಸ್ಟ್ರೆಲ್ ಇನ್ನೂ ಅಗ್ಗ. 22 ತುಂಬದವರಿಗೆ ಡಾಕ್ಟರ ಚೀಟಿ ಇದ್ದರೆ ಸರ್ಕಾರಿ ವಿಮೆ ಖರ್ಚು ಕೊಡುತ್ತದೆ, ನನಗೆ 25 ಆಗಿತ್ತು. ಪಾಸ್‌ಪೋರ್ಟ್ ತೆಗೆಯಲು ಚೀಲಕ್ಕೆ ಕೈ ಹಾಕಿದೆ. ಬೇಡ ಅಂದರು. ನನ್ನ ಹೆಸರು ಕೂಡ ಕೇಳಲಿಲ್ಲ. ಉಂಗುರದ ಕಡೆ ಯಾರೂ ನೋಡಲಿಲ್ಲ. ಕಿಂಡಿಯಿಂದ ಮಾತ್ರೆ ಬಂತು, ಹಿಂದೆಯೇ ಒಂದು ಕಾಗದದ ಲೋಟದಲ್ಲಿ ನೀರು ಬಂತು. ಅಲ್ಲೇ ನುಂಗಿದೆ. ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ನುಂಗಬೇಕು, ತಕ್ಷಣ ಬನ್ನಿ ಅಂದರು. ಮುಂದಿನ ಮುಟ್ಟಿನವರೆಗೆ ಕಾಂಡಮ್ ಬಿಡಬೇಡಿ. ದಿನಾ ತಗೊಳ್ಳುವ ಹಾರ್ಮೋನ್ ಮಾತ್ರೆ ಶುರು ಮಾಡುವುದಾದರೆ ಐದು ದಿನ ಕಾಯಿರಿ. ಮುಟ್ಟು ಒಂದು ವಾರಕ್ಕಿಂತ ತಡವಾದರೆ ಟೆಸ್ಟ್ ಮಾಡಿ. ಮಾತ್ರೆಯ ಪೆಟ್ಟಿಗೆ ಮೇಲೆ ಗಂಟೆ ಬರೆದುಕೊಟ್ಟರು. 10:40.

ಕಿಂಡಿ ಮುಚ್ಚಿತು. ಆ ಅಪ್ಪ ನನ್ನ ಪಕ್ಕದಲ್ಲಿ ಹಾದು ಹೋಗುವಾಗ ತಲೆ ಬಾಗಿಸಿದ. ಅಷ್ಟೇ.

ಆ ‘ಯಾವಾಗ’ ಅನ್ನುವ ಪ್ರಶ್ನೆ ಅಲ್ಲಿ ಮೊದಲಿನಿಂದ ಇರಲಿಲ್ಲ ಅಂತ ತಿಳಿದಿದ್ದು ಆಮೇಲೆ. 2015ರ ಮಾರ್ಚ್‌ವರೆಗೆ ಜರ್ಮನಿಯಲ್ಲಿ ಈ ಮಾತ್ರೆಗೆ ಡಾಕ್ಟರ ಚೀಟಿ ಬೇಕೇ ಬೇಕಿತ್ತು. ಪಕ್ಕದ ಫ್ರಾನ್ಸಿನಲ್ಲಿ 1999ರಲ್ಲೇ ಚೀಟಿ ತೆಗೆದಿದ್ದರು. ಅಂದರೆ ಆಗ ಜರ್ಮನಿಯಲ್ಲಿ ನನ್ನಂಥವಳು ಒಂದು ಭಾನುವಾರ ಮೊದಲು ಆಸ್ಪತ್ರೆ ಹುಡುಕಬೇಕು, ಗಂಟೆಗಟ್ಟಲೆ ಕೂರಬೇಕು, ಡಾಕ್ಟರು ಬರೆದುಕೊಟ್ಟರೆ ಸರದಿಯ ಅಪೊಥೆಕೆಗೆ ಓಡಬೇಕು. ಬರೆದುಕೊಡದೆ ಹೋದರೆ?

ಬರೆದುಕೊಡದೆ ಹೋದದ್ದೂ ಉಂಟು. 2012ರ ಡಿಸೆಂಬರ್‌ನಲ್ಲಿ ಕಲೋನ್ ನಗರದ ಎರಡು ಕ್ಯಾಥೊಲಿಕ್ ಆಸ್ಪತ್ರೆಗಳು ಅತ್ಯಾಚಾರಕ್ಕೆ ಒಳಗಾಗಿದ್ದಿರಬಹುದಾದ ಒಬ್ಬ ಹೆಣ್ಣುಮಗಳನ್ನು ಪರೀಕ್ಷೆ ಮಾಡದೆ ವಾಪಸ್ ಕಳಿಸಿದವು. ಪರೀಕ್ಷೆ ಮಾಡಿದರೆ ಈ ಮಾತ್ರೆಯ ಮಾತು ಬರುತ್ತದೆ ಅನ್ನುವುದೇ ಅಡ್ಡಿಯಾಗಿತ್ತು. ಮುಂದಿನ ತಿಂಗಳು ಸುದ್ದಿ ಹೊರಬಂದಾಗ ದೇಶವೇ ಕುದಿಯಿತು. ಕಲೋನಿನ ಆರ್ಚ್‌ಬಿಷಪ್ ಆಗಿದ್ದ ಕಾರ್ಡಿನಲ್ ಯೋಆಕಿಮ್ ಮೈಸ್ನರ್ ಕ್ಷಮೆ ಕೇಳಿದರು. ಅತ್ಯಾಚಾರದ ನಂತರ, ಗರ್ಭ ಕಟ್ಟುವುದನ್ನು ತಡೆಯುವ ಮಾತ್ರೆ ಕೊಡಬಹುದು ಅಂದರು. ಆ ಹೆಣ್ಣುಮಗಳ ಹೆಸರು ಯಾರಿಗೂ ಬೇಡ. ಆದರೆ ಅವಳು ಎರಡು ಬಾಗಿಲುಗಳಿಂದ ವಾಪಸ್ ನಡೆದದ್ದು ನನಗೆ ಮರೆಯಲು ಆಗುವುದಿಲ್ಲ. ನನ್ನನ್ನು ಒಂದು ಬಾಗಿಲಿನಿಂದ ನಾನೇ ವಾಪಸ್ ಕರೆತಂದಿದ್ದೆ. ಅವಳು ಒಳಗೆ ಹೋಗಿ ಕೇಳಿದ್ದಳು.

ಅದಾದ ಮೇಲೂ ಎರಡು ವರ್ಷ ಎಳೆದಾಟ ನಡೆಯಿತು. ತಜ್ಞರ ಸಮಿತಿ ಚೀಟಿ ಬೇಡ ಅಂತ 2014ರ ಜನವರಿಯಲ್ಲಿ ಮತ್ತೆ ಹೇಳಿತು. ಆಗಿನ ಆರೋಗ್ಯ ಸಚಿವ ಹರ್ಮನ್ ಗ್ರೋಹೆ ಒಪ್ಪಲಿಲ್ಲ. ಅವರದೇ ಪಕ್ಷದ ಯೆನ್ಸ್ ಸ್ಪಾನ್, ಇವೇನು ಸ್ಮಾರ್ಟೀಸ್ ಮಿಠಾಯಿ ಅಲ್ಲ ಅಂತ ಟ್ವೀಟ್ ಮಾಡಿದರು. ಹೆಂಗಸರು ಅದಕ್ಕೆ ನೂರಾರು ಉತ್ತರ ಕೊಟ್ಟರು. ಆ ಮಾತು ಓದಿದಾಗ ನನಗೆ ಶನಿವಾರ ನೆನಪಾಗುತ್ತದೆ. ಮಿಠಾಯಿ ತಿನ್ನಲು ಯಾರೂ ಹೀಗೆ ನಡುಗುತ್ತಾ ಹೋಗುವುದಿಲ್ಲ. ಕೊನೆಗೆ 2015ರ ಜನವರಿಯಲ್ಲಿ ಯುರೋಪಿಯನ್ ಕಮಿಷನ್ ಯುಲಿಪ್ರಿಸ್ಟಲ್‌ಗೆ ಚೀಟಿ ಬೇಡ ಅಂತ ತೀರ್ಮಾನಿಸಿತು. ಜರ್ಮನಿ ಮಾರ್ಚ್‌ನಲ್ಲಿ ಎರಡೂ ಮಾತ್ರೆಗಳನ್ನು ಚೀಟಿಯಿಂದ ಬಿಡಿಸಿತು.

ಗಡಿ ದಾಟಿದರೆ ಕಥೆ ಬೇರೆ. ಫ್ರಾಂಕ್‌ಫರ್ಟ್ ಅನ್ನುವ ಹೆಸರಿನ ಇನ್ನೊಂದು ಊರು ಜರ್ಮನಿಯ ಪೂರ್ವದ ಅಂಚಿನಲ್ಲಿದೆ, ಓಡರ್ ನದಿಯ ದಡದಲ್ಲಿ. ಸೇತುವೆ ದಾಟಿದರೆ ಪೋಲೆಂಡಿನ ಸ್ಲುಬಿತ್ಸೆ. ಪೋಲೆಂಡಿನಲ್ಲಿ 2015ರಲ್ಲಿ ಚೀಟಿ ತೆಗೆದರು, 2017ರಲ್ಲಿ ವಾಪಸ್ ತಂದರು. 2024ರ ಮೇ ತಿಂಗಳಿನಿಂದ ಫಾರ್ಮಸಿಸ್ಟೇ ಚೀಟಿ ಬರೆದುಕೊಡುವ ಏರ್ಪಾಡು ಬಂತು. ಅದೇ ಮಾತ್ರೆ, ಅದೇ ಗಂಟೆಗಳ ಲೆಕ್ಕ. ಸೇತುವೆಯ ಯಾವ ತುದಿಯಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ ಗಡಿಯಾರ ಓಡುವುದು ಬೇರೆ. ಪರದೇಶಕ್ಕೆ ಓದಲು, ಕೆಲಸಕ್ಕೆ, ತಿರುಗಾಟಕ್ಕೆ ಹೋಗುವ ಹುಡುಗಿಯರಿಗೆ ನಾನು ಹೇಳುವುದು, ಹೋಗುವ ಮೊದಲೇ ಆ ದೇಶದ ನಿಯಮ ನೋಡಿಕೊಳ್ಳಿ. ಅಲ್ಲಿನ ಭಾಷೆಯಲ್ಲಿ ಈ ಮಾತ್ರೆಗೆ ಏನಂತಾರೆ ಅಂತ ಬಾಯಿಪಾಠ ಮಾಡಿಕೊಳ್ಳಿ. ಗಂಡುಮಕ್ಕಳಿಗೂ ಇದೇ ಮಾತು. ನನ್ನ ಗೆಳೆಯನಿಗೆ 72 ಅನ್ನುವ ಒಂದು ಅಂಕಿ ಗೊತ್ತಿದ್ದಿದ್ದರೆ ನನ್ನ ಶನಿವಾರ ಬೇರೆ ಥರ ಇರುತ್ತಿತ್ತು, ಅಲ್ವಾ?

ಯೇನಾದ ಬಗ್ಗೆ ಇನ್ನೊಂದು ವಿಷಯ. ಪೂರ್ವ ಜರ್ಮನಿಯ ಮೊದಲ ಗರ್ಭನಿರೋಧಕ ಮಾತ್ರೆ ತಯಾರಾಗಿದ್ದು ಇದೇ ಊರಿನಲ್ಲಿ, ಯೇನಾಫಾರ್ಮ್ ಕಾರ್ಖಾನೆಯಲ್ಲಿ. 1965ರಲ್ಲಿ ಬಂತು, ಹೆಸರು ಓವೊಸಿಸ್ಟನ್. ಪಶ್ಚಿಮ ಜರ್ಮನಿಯಲ್ಲಿ 1961ರಲ್ಲೇ ಬಂದಿತ್ತು. ಅಲ್ಲಿ ಅದನ್ನು ಜನ ಕರೆದದ್ದು ‘ಆಂಟಿಬೇಬಿಪಿಲ್ಲೆ’, ಮಗು ಬೇಡದ ಮಾತ್ರೆ. ಪೂರ್ವದಲ್ಲಿ ಇಟ್ಟ ಹೆಸರು ‘ವುನ್ಶ್‌ಕಿಂಡ್‌ಪಿಲ್ಲೆ’, ಬಯಸಿದ ಮಗುವಿನ ಮಾತ್ರೆ. ಪಕ್ಕದ ಕೋಣೆಯ ಹುಡುಗಿ ಇದನ್ನು ಹೇಳಿದಾಗ ನಾನು ಸುಮ್ನೆ ಕೂತುಬಿಟ್ಟೆ. ಅವಳ ಅಜ್ಜಿ ಈಗಲೂ ಹಾಗೇ ಅನ್ನುತ್ತಾರಂತೆ. ಅಂಥ ಒಂದು ಪದ ನನ್ನ ಮನೆಯಲ್ಲಿ ಇದ್ದಿದ್ದರೆ ಅಮ್ಮನಿಗೆ ಫೋನ್ ಮಾಡುತ್ತಿದ್ದೆನೇನೋ. ನನ್ನ ಹತ್ತಿರ ಇದ್ದ ಪದಗಳೆಲ್ಲ ಒಂದೋ ಡಾಕ್ಟರ ಬೋರ್ಡಿನವು, ಇಲ್ಲವೇ ಬೈಗುಳ. ಕನ್ನಡದಲ್ಲಿ ಹೇಳಲು ಆಗದೆ, ಅರೆಬರೆ ಜರ್ಮನ್‌ನಲ್ಲಿ ಹೇಳಿದೆ. ಬಹುಶಃ ಅದಕ್ಕೇ ಹೇಳಲು ಆಯಿತು.

ಆ ಭಾನುವಾರ ಮಾತ್ರೆ ನುಂಗಿದ ಮೇಲೆ ಕೋಣೆಗೆ ಹೋಗಲಿಲ್ಲ. ಟ್ರಾಮಿನಿಂದ ಪಾರಡೀಸ್ ಹತ್ತಿರ ಇಳಿದು ನದಿಯ ಪಕ್ಕದ ಪಾರ್ಕಿನಲ್ಲಿ ಕೂತೆ. ಮೂರು ಗಂಟೆ ಕಳೆಯಬೇಕಿತ್ತು. ಹೊಟ್ಟೆ ತೊಳಸುತ್ತಿತ್ತು. ಮಾತ್ರೆಯಿಂದಲೋ ಭಯದಿಂದಲೋ ಗೊತ್ತಿಲ್ಲ. ಉಗುಳು ನುಂಗುತ್ತಾ, ತಣ್ಣನೆಯ ಗಾಳಿ ಎಳೆದುಕೊಳ್ಳುತ್ತಾ ಕೂತೆ. ಬಾತುಕೋಳಿಗಳು ಬಂದವು, ಹೋದವು. ಮಧ್ಯಾಹ್ನ 1:40ಕ್ಕೆ ಎದ್ದೆ. ಅವನಿಗೆ ಮೆಸೇಜ್ ಮಾಡಿದೆ. ಅವನು ಅರ್ಧ ದುಡ್ಡು ಕಳಿಸಿದ, ಆಮೇಲೆ ಫೋನ್ ಮಾಡಿ ಎಲ್ಲವನ್ನೂ ಮೊದಲಿಂದ ಹೇಳು ಅಂದ. ಹೇಳಿದೆ. ಅವನು ಬರೆದುಕೊಳ್ಳುತ್ತಿದ್ದ, ಪೆನ್ನಿನ ಸದ್ದು ಕೇಳಿಸುತ್ತಿತ್ತು.

ಮುಟ್ಟು ಐದು ದಿನ ತಡವಾಗಿ ಬಂತು. ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ, ಲ್ಯಾಬಿಗೆ ಹೊರಡುವ ಹೊತ್ತಿಗೆ. ಬಾತ್‌ರೂಮಿನ ನೆಲದ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಆಮೇಲೆ ಕೋಣೆಗೆ ಬಂದು ಲ್ಯಾಬ್ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ತಾರೀಖು ಬರೆದೆ. ಅದರ ಮುಂದಿನ ತಿಂಗಳದ್ದು ಅದರ ಕೆಳಗೆ ಬರೆದೆ. ಆ ನೋಟ್‌ಬುಕ್ ತುಂಬಿ ಈಗ ಮೂರನೆಯದು ನಡೆಯುತ್ತಿದೆ.